ಹೊಸತೊಡಕಿನ ಸೀಟಿ

ಯುಗಾದಿಯ ಮಾರನೆಯ ದಿನ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುವಂತಿಲ್ಲ. ಮಿಕ್ಕ ದಿನಗಳಲ್ಲಿ ಬೈಯುವವಳು ನಾನೊಬ್ಬಳೇ ಆದ್ದರಿಂದ ಈ ಕಾನೂನು ಯಾರಿಗಾಗಿ ಹುಟ್ಟಿದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಕಾನೂನು ಮಾಡಿದವನು ನನ್ನ ಅಪ್ಪ. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ಮದ್ದೂರು ಸೀಮೆಯಲ್ಲಿ ಹುಟ್ಟಿ ಬೆಳೆದ ಅವನ ನಂಬಿಕೆ. ಅತ್ತರೆ ವರ್ಷವೆಲ್ಲ ಅಳು, ಬೈದರೆ ವರ್ಷವೆಲ್ಲ ಬೈಗುಳ, ಬಾಡೂಟ ಉಂಡರೆ ವರ್ಷವೆಲ್ಲ ತುಂಬಿದ ತಟ್ಟೆ. ಆ ದಿನ ಬರಿಗೈಯಲ್ಲಿ ಮನೆಗೆ ಬಂದರೆ ಏನಾಗುತ್ತದೆ ಎಂಬುದನ್ನು ಮಾತ್ರ ಅಪ್ಪ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅದೂ ತಗಲಿಕೊಂಡೀತೆಂಬ ಭಯ.

ಹೈಸ್ಕೂಲಿನಲ್ಲಿದ್ದು ಹೊಸದಾಗಿ ಕಾರು ಓಡಿಸಲು ಕಲಿತ ನನ್ನ ಮಗಳು ಈ ಕಾನೂನನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುತ್ತಾಳೆ. ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಗೀರಿಸಿಕೊಂಡು ಬಂದಿದ್ದನ್ನು ವಾರಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು, ಒಂದು ವರ್ಷ ಹೊಸತೊಡಕಿನ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ ಹೇಳಿದಳು. "ಅಮ್ಮಾ, ಯೂ ಕಾಂಟ್ ಯೆಲ್ ಟುಡೇ," ಎಂದು ಜ್ಞಾಪಿಸಿದಳು ಬೇರೆ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಅಪ್ಪ ಪಕ್ಕದಲ್ಲೇ ಕೂತು, "ಭೇಷ್ ಮಗಾ, ಒಳ್ಳೇ ಮುಹೂರ್ತ ನೋಡಿದ್ದೀಯ," ಎಂದು ಮೊಮ್ಮಗಳ ಬೆನ್ನು ತಟ್ಟಿದ.

ಅಮ್ಮ ತೀರಿಹೋದ ಮೇಲೆ ಅಪ್ಪ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದು ರಾಗಿಹಿಟ್ಟು. ಅದರ ನಡುವೆ ಮುದ್ದೆ ಕೋಲು, ಮತ್ತೆ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆ ಸೀಟಿ. ಅಪ್ಪ ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ರಿಟೈರಾಗಿ ಎಷ್ಟೋ ವರ್ಷವಾದರೂ ಸೀಟಿ ಕೊರಳಿನಿಂದ ಇಳಿದಿಲ್ಲ. ಮೊಮ್ಮಗಳನ್ನು ಊಟಕ್ಕೆ ಕರೆಯುವುದಕ್ಕೂ ಅದನ್ನೇ ಊದುತ್ತಿದ್ದ. ಎದುರು ಮನೆಯವರು ಎಲ್ಲೋ ಬೆಂಕಿ ಬಿತ್ತೆಂದು ಹೊರಗೆ ಓಡಿ ಬಂದ ಮೇಲೆ ನಾನು ಅದಕ್ಕೆ ತಡೆ ಹಾಕಿದೆ.

ನನ್ನ ಗಂಡ ಧಾರವಾಡದವನು, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವನಲ್ಲ. ಹೊಸತೊಡಕಿನ ದಿನ ಹಿತ್ತಲಿನಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡು ಬಾಡು ಬೇಯಿಸಿಕೊಳ್ಳಲು ನಮಗೆ ಅನುಮತಿ ಉಂಟು. ಅವನು ಹಿಂದಿನ ದಿನದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿಕೊಂಡು, ಗಾಳಿ ಎತ್ತ ಬೀಸುತ್ತಿದೆ ನೋಡಿ ಕುರ್ಚಿ ಹಾಕಿಕೊಳ್ಳುತ್ತಾನೆ. "ನಿಮ್ಮ ಹಬ್ಬ ಭಾರಿ ಚೊಲೋ ಅದ ಬಿಡ್ರಿ ಮಾವಾರ, ವಾಸನಿ ಒಂದs ಸ್ವಲ್ಪ ಜಾಸ್ತಿ," ಎಂದು ಅಪ್ಪನನ್ನು ಕೆಣಕುತ್ತಾನೆ.

ಇಂಥ ಮನೆಯಲ್ಲಿ ನಾನು ಬೇಟೆಗಾತಿಯಾದದ್ದು ಒಬ್ಬ ಗೆಳತಿಯಿಂದ. ಪ್ಲೆಸೆಂಟನ್ನಿನ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದವಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ಈಗ ರಿಟೈರಾಗಿದ್ದಾಳೆ. ಲಿವರ್‌ಮೋರಿನ ಆಚೆ ಅವಳ ತಾತನ ಕಾಲದ ದನ ಮೇಯುವ ಬೆಟ್ಟ ಒಂದಿದೆ, ಓಕ್ ಮರಗಳ ಕೆಳಗೆ ಅವಳ ಪುಟ್ಟ ಮನೆ. ಹೊಸತೊಡಕಿಗೆ ಅಂಗಡಿಯ ಕೋಳಿ ಬೇಯಿಸಿದರೆ ಹತ್ತಿ ಜಗಿದಂತಾಗುತ್ತದೆ ಎಂದು ನಾನು ಗೊಣಗುತ್ತಿದ್ದಾಗ ಅವಳು ಹಬ್ಬದ ಕಥೆಯೆಲ್ಲ ಕೇಳಿಸಿಕೊಂಡಳು. ಹಳೆಯ ಕಾಲದಲ್ಲಿ ಆ ದಿನ ನಮ್ಮ ಕಡೆ ಗಂಡಸರೆಲ್ಲ ಬೇಟೆಗೆ ಹೊರಡುತ್ತಿದ್ದರು, ಸಿಕ್ಕಿದ ಮಾಂಸವನ್ನು ಗುಡ್ಡೆ ಹಾಕಿ ಮನೆ ಮನೆಗೆ ಸಮ ಪಾಲು ಹಂಚುತ್ತಿದ್ದರು ಎಂದಾಗ ಅವಳ ಕಣ್ಣು ಅಗಲವಾಯಿತು. "ಏಪ್ರಿಲ್ ಅಂದರೆ ನಮಗೆ ಕಾಡು ಟರ್ಕಿ ಕೋಳಿಯ ಬೇಟೆಯ ಕಾಲ. ಲೈಸೆನ್ಸು ಮಾಡಿಸಿಕೋ, ನನ್ನ ಬೆಟ್ಟಕ್ಕೆ ಬಾ," ಎಂದಳು.

ಕ್ಲಾಸಿಗೆ ಹೋದೆ, ಪರೀಕ್ಷೆ ಬರೆದೆ, ಲೈಸೆನ್ಸು ಬಂತು. ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ದಿನಾ ಬಾಯಿಲೇ ಹೊಡೀತಿದ್ದಿ, ಈಗ ಬಂದೂಕೂ ಬಂತಲ್ಲವಾ," ಎಂದ.

ಮೊದಲ ವರ್ಷದ ಆ ಬೆಳಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಟ್ಟದ ಹುಲ್ಲಿನ್ನೂ ಹಸಿರು, ಕಾಲು ಇಟ್ಟಲ್ಲೆಲ್ಲ ಇಬ್ಬನಿ. ಗೆಳತಿ ನನ್ನನ್ನು ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕೂರಿಸಿದಳು. ಟರ್ಕಿಗಳು ರಾತ್ರಿ ಮರದ ಮೇಲೆ ಮಲಗುತ್ತವೆ, ಬೆಳಕು ಹರಿಯುವ ಮುಂಚೆ ಹುಂಜಗಳು ಅಲ್ಲಿಂದಲೇ ಕೂಗಲು ಶುರು ಮಾಡುತ್ತವೆ. ಖಾಲಿ ಬಿಂದಿಗೆಯನ್ನು ನೀರಿಗೆ ಅದುಮಿದರೆ ಬರುವ ಗುಳುಗುಳು ಸದ್ದನ್ನು ಹತ್ತು ಪಟ್ಟು ಜೋರಾಗಿ, ಹತ್ತು ಪಟ್ಟು ಅವಸರದಲ್ಲಿ ಕೇಳಿದಂತೆ. ಎಡಗಡೆ ಒಂದು ಕೂಗಿದರೆ ಬಲಗಡೆಯದು ಉತ್ತರ ಕೊಟ್ಟಿತು, ಕಣಿವೆಯ ಆಚೆಯದು ಸಿಟ್ಟಿಗೆದ್ದಿತು, ನಮ್ಮ ತಲೆಯ ಮೇಲಿದ್ದದ್ದು ಎಲ್ಲರ ಬಾಯಿ ಮುಚ್ಚಿಸಲು ನೋಡಿತು. ನಾನು ನಗು ತಡೆಯಲಾರದೆ ಕೈಯಿಂದ ಬಾಯಿ ಮುಚ್ಚಿಕೊಂಡೆ. ಗೆಳತಿ ಒಂದು ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೇಂಟೆಯ ದನಿ ಹೊರಡಿಸಿದಳು. ಆ ದನಿಗೆ ಹತ್ತಿರ ಬಂದ ಒಂದು ಹುಂಜ ಆ ದಿನ ನನಗೆ ಸಿಕ್ಕಿತು.

ಮನೆಗೆ ತಂದಾಗ ಅಪ್ಪನ ಸಂಭ್ರಮ ಹೇಳತೀರದು. ಹಿತ್ತಲಿನಲ್ಲಿ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಇಟ್ಟು, ಇಲ್ಲೇ ಸುತ್ತಮುತ್ತಲ ಊರುಗಳಲ್ಲಿರುವ ಪರಿಚಯದ ಮಂಡ್ಯ ಮೈಸೂರಿನ ಮನೆಯವರಿಗೆ ಫೋನು ಮಾಡಿಸಿದ. ಕ್ಯಾಂಪ್‌ಬೆಲ್‌ನಿಂದ ಒಬ್ಬರು ಡಬ್ಬಿ ಹಿಡಿದು ಬಂದೇಬಿಟ್ಟರು. ಹುಂಜದ ಕಾಲುಗಳು ಗಟ್ಟಿ, ಕುಕ್ಕರು ಕೂಗಿ ಕೂಗಿ ಸುಸ್ತಾಯಿತು. ಗಸಗಸೆ, ಕಾಯಿ, ಹುರಿಗಡಲೆ ರುಬ್ಬಿ ಹಾಕಿದ ಆ ಸಾರಿಗೆ ಮುದ್ದೆ ಅದ್ದಿಕೊಂಡು ಉಣ್ಣುತ್ತ ಅಪ್ಪ ಒಂದು ಮಾತು ಹೇಳಿದ.

"ನಾನು ಒಂದು ಸಲವೂ ಹೋಗ್ಲಿಲ್ಲ ಕಣವ್ವ. ಒಬ್ನೇ ಮಗ ಅಂತ ನಮ್ಮವ್ವ ಬಿಡ್ತಾನೇ ಇರ್ಲಿಲ್ಲ. ಎಲ್ಲಾ ಹೋಗೋರು, ನಾನು ಹೆಂಗಸ್ರ ಜೊತೆ ಖಾರ ಅರ್ಕಂಡು ಕೂತಿರ್ತಿದ್ದೆ. ಆಮೇಕೆ ಮೇಷ್ಟ್ರಾದೆ, ಬೇಟೆಯೂ ನಿಂತೋಯ್ತು. ಬರೀ ಪಾಲು ತಿಂದೋನು ನಾನು."

ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. "ಮುಂದಿನ ವರ್ಷ ನೀನೂ ಬಾ," ಎಂದೆ. ಮುಂದಿನ ವರ್ಷ ಯುಗಾದಿ ಬೇಗ ಬಂತು, ಸರ್ಕಾರ ಗೊತ್ತುಮಾಡಿದ ಬೇಟೆಯ ಸೀಸನ್ನು ಇನ್ನೂ ತೆರೆದಿರಲಿಲ್ಲ. "ನಮ್ಮ ಪಂಚಾಂಗ ಒಂದು ಕಾಪಿ ಕಳಿಸ್ಬಾರ್ದಾ ಇವ್ರಿಗೆ," ಎಂದು ಅಪ್ಪ ರೇಗಾಡಿದ. ಅದರ ಮುಂದಿನ ಸಲ ಅವನ ಮೊಣಕಾಲು ಊದಿಕೊಂಡಿತ್ತು. ಹೀಗೆ ಒಂದಲ್ಲ ಒಂದು ಅಡ್ಡಿ.

ಈ ನಡುವೆ ಬೆಟ್ಟ ಸದ್ದಿಲ್ಲದಂತಾಗತೊಡಗಿತ್ತು. ಎಡಗಡೆಯ ಹುಂಜ ಒಂದು ವಸಂತದಲ್ಲಿ ಕೇಳಿಸಲಿಲ್ಲ. ಮುಂದಿನ ವಸಂತದಲ್ಲಿ ಕಣಿವೆಯ ಆಚೆಯದೂ ಇಲ್ಲ. ಆಫೀಸಿನಲ್ಲಿ ಹೇಳಿದರೆ ಜನ ನಗುತ್ತಿದ್ದರು. ಪ್ಲೆಸೆಂಟನ್ನಿನ ಬೀದಿಗಳಲ್ಲಿ ಟರ್ಕಿಗಳು ಹಿಂಡು ಹಿಂಡಾಗಿ ಟ್ರಾಫಿಕ್ಕು ನಿಲ್ಲಿಸುತ್ತವೆ, ಕಾರಿನಲ್ಲಿ ತಮ್ಮದೇ ಬಿಂಬ ಕಂಡು ಕುಕ್ಕುತ್ತವೆ, ಅವು ಕಡಿಮೆಯಾಗುವುದೆಂದರೇನು? ಆದರೆ ಊರಿನ ಹುಲ್ಲುಹಾಸಿನಲ್ಲಿ ಇರುವುದು ಬೇರೆ, ಬೆಟ್ಟದಲ್ಲಿ ಬದುಕುವುದು ಬೇರೆ. ದೇಶದ ಬೇರೆ ಭಾಗಗಳಲ್ಲೂ ಕಾಡು ಟರ್ಕಿ ಕಡಿಮೆಯಾಗುತ್ತಿವೆಯಂತೆ ಎಂದು ಗೆಳತಿ ಹೇಳುತ್ತಿದ್ದಳು. ಕ್ಯಾಲಿಫೋರ್ನಿಯಾಕ್ಕಂತೂ ಅವು ಮೂಲದವೂ ಅಲ್ಲ, ಬೇಟೆಗೆಂದೇ ಬೇರೆ ಕಡೆಯಿಂದ ತಂದು ಬಿಟ್ಟವು. ಅದನ್ನು ಕೇಳಿ ನನ್ನ ಗಂಡ, "ಅಂದ್ರ ನಮ್ಮಂಗs ವೀಸಾ ಮ್ಯಾಲೆ ಬಂದಾವ ಅನ್ನು. ಪಾಪ," ಎಂದ. ಅವತ್ತಿನಿಂದ ಬೆಟ್ಟದ ಟರ್ಕಿಗಳ ಸುದ್ದಿಯನ್ನು ಅವನೇ ಕೇಳತೊಡಗಿದ.

ಕಾರಣ ಗೆಳತಿಗೆ ಗೊತ್ತಾದದ್ದು ಒಂದು ಬೇಸಿಗೆಯಲ್ಲಿ. ಟರ್ಕಿ ಹೇಂಟೆ ಗೂಡು ಕಟ್ಟುವುದು ನೆಲದ ಮೇಲೆ, ಎತ್ತರದ ಹುಲ್ಲಿನ ಮರೆಯಲ್ಲಿ. ಮರಿಗಳು ಹೊರಬಂದ ಕೂಡಲೇ ನಡೆಯುತ್ತವೆ, ಆದರೆ ಹಾರಲು ಕೆಲವು ವಾರ ಬೇಕು. ಕೆಲವು ವರ್ಷಗಳ ಹಿಂದೆ ಬೆಟ್ಟವನ್ನು ಗುತ್ತಿಗೆಗೆ ಹಿಡಿದಿದ್ದವನು ಕುರಿಗಳಿಗೆಂದು ಹುಲ್ಲುಗಾವಲಿಗೂ ಹಳ್ಳಕ್ಕೂ ನಡುವೆ ಜಾಲರಿ ತಂತಿಯ ಬೇಲಿ ಎಳೆದಿದ್ದ. ಕುರಿಗಳು ಹೋದವು, ಬೇಲಿ ಉಳಿಯಿತು. ಹೇಂಟೆ ರೆಕ್ಕೆ ಬಡಿದು ಬೇಲಿ ದಾಟಿ ನೀರಿನ ಕಡೆ ನಿಂತು ಕರೆಯುತ್ತಿದೆ, ಮರಿಗಳು ಈಚೆ ಕಡೆ ಬೇಲಿಯುದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಓಡುತ್ತಿವೆ. ಅದನ್ನು ಗೆಳತಿ ತನ್ನ ಕಣ್ಣಾರೆ ಕಂಡಳು. ಕಾಗೆ, ನರಿ, ಗಿಡುಗಗಳಿಗೆ ಅದಕ್ಕಿಂತ ಸುಲಭದ ಊಟ ಬೇಕೆ? ಅದರ ಮೇಲೆ ಮಳೆಯೂ ಚಳಿಯೂ ಜಾಸ್ತಿಯಾದ ವಸಂತಗಳು, ತೊಯ್ದ ಮರಿಗಳು ಉಳಿಯುವುದಿಲ್ಲ.

ಬೆಟ್ಟಕ್ಕೆ ಬೇಟೆಗೆ ಬರುವವರು ನಾನಲ್ಲದೆ ನಾಲ್ಕಾರು ಜನ ಇದ್ದರು. ಚಳಿಗಾಲ ಬಂದಾಗ ಗೆಳತಿ ಅವರನ್ನೆಲ್ಲ ಅಂಗಳದಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳಿದಳು. ಬೇಲಿ ಕೀಳಬೇಕು, ಗೂಡಿನ ಹುಲ್ಲನ್ನು ಬೇಸಿಗೆಯವರೆಗೆ ಯಾರೂ ಕತ್ತರಿಸಕೂಡದು, ದನದ ನೀರಿನ ತೊಟ್ಟಿಗಳಿಗೆ ಬಿದ್ದ ಮರಿ ಹತ್ತಿ ಬರಲು ಒಂದೊಂದು ಇಳಿಜಾರು ಹಲಗೆ ಹಾಕಬೇಕು, ಬೇಸಿಗೆಯಲ್ಲಿ ಮರಿಗಳ ಲೆಕ್ಕ ಇಡಬೇಕು. ಎಲ್ಲರೂ ತಲೆ ಆಡಿಸಿದರು. ಕೊನೆಗೆ, ಹಕ್ಕಿ ಮತ್ತೆ ಹೆಚ್ಚುವ ತನಕ ವಸಂತದಲ್ಲಿ ಗುಂಡು ಹಾರಿಸಕೂಡದು ಎಂದಳು. ಆಗ ಒಬ್ಬ ದೊಡ್ಡ ಗಡ್ಡದ ಮುದುಕ, ಮೂವತ್ತು ವಸಂತ ಆ ಬೆಟ್ಟದಲ್ಲೇ ಕಳೆದವನು, ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಆಮೇಲೆ, "ಸರಿ, ತಂತಿ ಕತ್ತರಿಸುವುದು ಯಾವತ್ತು?" ಎಂದು ಕೇಳಿದ.

ಆ ಸಭೆಗೆ ನಾನು ಹೋಗಿರಲಿಲ್ಲ. ಆ ಚಳಿಗಾಲದಲ್ಲಿ ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿ, ಆಸ್ಪತ್ರೆಗೂ ಆಫೀಸಿಗೂ ಫ್ರೀವೇಯಲ್ಲಿ ಓಡಾಡುತ್ತಿದ್ದೆ. ಮನೆಗೆ ಬಂದ ಮೇಲೆ ಅಪ್ಪ ತುಂಬ ಸಣ್ಣಗಾಗಿದ್ದ. ಒಂದು ಸಂಜೆ ಮಾತ್ರೆ ನುಂಗಿ ನೀರಿನ ಲೋಟ ನನ್ನ ಕೈಗೆ ಕೊಡುತ್ತ, "ಈ ಸಲ ಯುಗಾದಿ ಯಾವತ್ತು?" ಎಂದ.

"ಭಾನುವಾರ ಅಪ್ಪ."

"ಸೀಸನ್ನು?"

"ಹಿಂದಿನ ದಿನವೇ ತೆರೆಯುತ್ತೆ."

"ಹಂಗಾದ್ರೆ ಸೋಮವಾರ ಹೊಸತೊಡ್ಕು. ನನ್ನ ಕರ್ಕೊಂಡು ಹೋಗು. ನೀನು ಹೊಡಿ, ನಾನು ನೋಡ್ತೀನಿ. ನನ್ನ ಕೈಯಾರೆ ಮನೆಗೆ ಎತ್ಕೊಂಡು ಬರ್ಬೇಕು. ಇನ್ನೊಂದು ಹೊಸತೊಡ್ಕು ಕಾಣ್ತೀನೋ ಇಲ್ವೋ."

"ಥೂ, ಬಿಡ್ತು ಅನ್ನು!" ಎಂದು ಗದರಿದೆ. ಆದರೆ ಆಗಲಿ ಎಂದೂ ಮಾತು ಕೊಟ್ಟೆ.

ಮರುದಿನ ಗೆಳತಿಗೆ ಫೋನು ಮಾಡಿದೆ. ಅವಳು ಸಭೆಯ ವಿಷಯ ಹೇಳಿದಳು. ನನಗೆ ಉರಿದುಹೋಯಿತು. ಇಷ್ಟು ವರ್ಷ ಎಲ್ಲರೂ ಹೊಡೆದುಕೊಂಡು ತಿಂದು, ನಮ್ಮಪ್ಪನ ಸರದಿ ಬಂದಾಗ ಧರ್ಮ ನೆನಪಾಯಿತೇ ಎಂದು ಕೂಗಾಡಿದೆ. ಇಂಗ್ಲಿಷು ಸಾಲದೆ ನಡುನಡುವೆ ಕನ್ನಡದಲ್ಲೂ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು. ನಂತರ ತಣ್ಣಗೆ ಹೇಳಿದಳು, "ನಿನ್ನ ತಂದೆಗೆ ನಾನು ಇಲ್ಲ ಅನ್ನಲಾರೆ. ಈ ಸಲ ಬೆಟ್ಟದಲ್ಲಿ ಕೂಗುತ್ತಿರುವುದು ಒಂದೇ ಹುಂಜ. ಕರೆದುಕೊಂಡು ಬಾ. ಅಲ್ಲಿ ಕೂತಾಗ ನಿನಗೆ ಏನು ಸರಿ ಅನ್ನಿಸುತ್ತದೋ ಹಾಗೆ ಮಾಡು. ನಾನು ಒಂದು ಮಾತು ಆಡುವುದಿಲ್ಲ."

ಹೊಡೆಯಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಹೀಗೆ ನನ್ನ ತಲೆಗೇ ಕಟ್ಟಿದ್ದು ನನಗೆ ಇನ್ನೂ ಸಿಟ್ಟು ತರಿಸಿತು. ರಾತ್ರಿ ಪಾತ್ರೆ ತೊಳೆಯುತ್ತ ದಡಬಡ ಸದ್ದು ಮಾಡುತ್ತಿದ್ದಾಗ ಗಂಡ ಬಂದು ನಲ್ಲಿ ನಿಲ್ಲಿಸಿದ. "ಒಂದs ಉಳದದ ಅಂತ ಮಾವಾರಿಗೆ ಹೇಳಿಯೇನು?" ಎಂದ.

"ಹೇಳಿದ್ರೆ ಬರೋದೇ ಬೇಡ ಅಂತಾನೆ ರೀ. ಅವನ ಆಸೆ ನಿಮಗೆ ಗೊತ್ತಿಲ್ವಾ?"

"ಗೊತ್ತದ. ಅದಕ್ಕs ಹೇಳಾಕತ್ತೇನಿ, ಹೇಳಿಬಿಡು."

ನಾನು ಹೇಳಲಿಲ್ಲ. ಅಪ್ಪ ಆಗಲೇ ಮಸಾಲೆಗೆ ಧನಿಯ ಹುರಿದು ಇಟ್ಟುಕೊಂಡಿದ್ದ. ಗುಡ್ಡೆ ಕಟ್ಟಲು ಫಾಯಿಲ್ ಸುರುಳಿ ಹೊಸದು ತರಿಸಿದ್ದ.

ಭಾನುವಾರ ಬೇವುಬೆಲ್ಲವಾಯಿತು. ಸೋಮವಾರ ರಜ ಹಾಕಿ ಕತ್ತಲಿರುವಾಗಲೇ ಹೊರಟೆವು. ಅಪ್ಪ ಮಂಕಿ ಕ್ಯಾಪು, ಎರಡು ಸ್ವೆಟರು, ಅದರ ಮೇಲೆ ನನ್ನ ಹಸಿರು ಬೇಟೆ ಜಾಕೆಟ್ಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಗೆಳತಿ ಗೇಟಿನಲ್ಲಿ ಕಾದಿದ್ದು ತನ್ನ ಗಾಡಿಯಲ್ಲಿ ಅವನನ್ನು ಮರದ ಬುಡದ ತನಕ ಬಿಟ್ಟಳು, ಕೈಮುಗಿದಳು, ಹೋದಳು. ನಾನು ಅವನಿಗೆ ಮಡಿಸುವ ಕುರ್ಚಿ ಹಾಕಿ, ಕಾಲಿಗೆ ಶಾಲು ಹೊದಿಸಿ, ಪಕ್ಕದಲ್ಲಿ ನೆಲದ ಮೇಲೆ ಬಂದೂಕು ಹಿಡಿದು ಕೂತೆ.

ಬೆಳಕು ಹರಿಯಿತು. ಒಂದು ಸದ್ದೂ ಇಲ್ಲ. ಮರದ ಪೆಟ್ಟಿಗೆ ಉಜ್ಜಿದೆ, ಹೇಂಟೆ ಕರೆದಂತೆ ಕರೆದೆ. ಉತ್ತರವಿಲ್ಲ. ನಾಲ್ಕು ದಿಕ್ಕಿನಿಂದ ಕೂಗುತ್ತವೆ, ಕಿವಿ ಮುಚ್ಚಿಕೊಳ್ಳಬೇಕು ಎಂದು ವರ್ಷಗಟ್ಟಲೆ ಅವನಿಗೆ ಹೇಳಿದ್ದವಳು ನಾನು.

"ಎಲ್ಲವ್ವ ನಿನ್ನ ಕೋಳಿಗಳು?" ಎಂದು ಅಪ್ಪ ಪಿಸುಗುಟ್ಟಿದ.

"ಬರ್ತವೆ ಇರು."

ಮತ್ತೆ ಸ್ವಲ್ಪ ಹೊತ್ತು ಕಾದ. ಆಮೇಲೆ, ನಾನು ನೋಡುನೋಡುತ್ತಿದ್ದಂತೆ, ಜಾಕೆಟ್ಟಿನ ಒಳಗೆ ಕೈ ಹಾಕಿ, ಸೀಟಿ ತೆಗೆದು, ಕೆನ್ನೆ ಉಬ್ಬಿಸಿ ಊದಿಯೇಬಿಟ್ಟ! ಶಾಲೆಯ ಮೈದಾನದ ಕೊನೆಯವರೆಗೆ ಕೇಳಿಸಲೆಂದು ಊದುವ ಸೀಟಿ ಅದು.

"ಅಪ್ಪಾ! ನಿನಗೇನು ತಲೆ..." ಎಂದು ಶುರು ಮಾಡಿ, ಇವತ್ತು ಯಾವ ದಿನ ಎಂದು ನೆನಪಾಗಿ ನಾಲಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ಕಣಿವೆಯ ಕಡೆಯಿಂದ ಗುಳುಗುಳುಗುಳು ಎಂದು ಉತ್ತರ ಬಂತು.

ಆಮೇಲೆ ಗೆಳತಿ ವಿವರಿಸಿದಳು, ವಸಂತದಲ್ಲಿ ಹುಂಜಗಳು ಯಾವ ದೊಡ್ಡ ಸದ್ದಿಗೂ ತಡೆಯಲಾರದೆ ಕೂಗಿಬಿಡುತ್ತವಂತೆ, ಕಾರಿನ ಬಾಗಿಲು ಹಾಕಿದರೂ ಸಾಕಂತೆ. ಆ ಕ್ಷಣಕ್ಕೆ ನಮಗೆ ಅದು ಪವಾಡವಾಗಿತ್ತು. ಅಪ್ಪನ ಮುಖ ಬೆಳಗಿತು. ಮತ್ತೆ ಊದಿದ. ಮತ್ತೆ ಅದೇ ಕಡೆಯಿಂದ ಉತ್ತರ. "ಹಾಜರಿ ಹೇಳ್ತಾವ್ನೆ ನೋಡು!" ಎಂದು ನನ್ನ ಭುಜ ಅಲ್ಲಾಡಿಸಿದ. ಕುರ್ಚಿಯಲ್ಲೇ ತಿರುಗಿ ಎಡಕ್ಕೆ ಊದಿದ, ಬಲಕ್ಕೆ ಊದಿದ, ಬೆನ್ನ ಹಿಂದಿನ ಗುಡ್ಡಕ್ಕೆ ಊದಿದ. ಪ್ರತಿ ಸಲವೂ ಕಣಿವೆಯ ಆ ಒಂದೇ ದನಿ ಓಗೊಟ್ಟಿತು. ಸೀಟಿ ಕೆಳಗಿಳಿಸಿ ಅಪ್ಪ ಕೇಳಿದ, "ಮಿಕ್ಕೋರೆಲ್ಲಿ?"

ನಾನು ಪೆಟ್ಟಿಗೆ ಉಜ್ಜುವ ನೆಪದಲ್ಲಿ ತಲೆ ತಗ್ಗಿಸಿದೆ. ಹೇಂಟೆಯ ದನಿ ಕೇಳಿ ಹುಂಜ ಹೊರಟಿತ್ತು. ಕೊಂಚ ಹೊತ್ತಿನಲ್ಲೇ ಹುಲ್ಲಿನ ದಿಬ್ಬದ ಮೇಲೆ ಕಾಣಿಸಿಕೊಂಡಿತು. ಬಾಲ ಬೀಸಣಿಗೆಯಂತೆ ಬಿಚ್ಚಿ, ಕುತ್ತಿಗೆ ಕೆಂಪಗೆ ಮಾಡಿಕೊಂಡು, ಎದೆಯಿಂದ ಜೋತ ಗಡ್ಡದಂಥ ಗರಿ ನೆಲಕ್ಕೆ ತಾಗುವಂತೆ ಮೆಲ್ಲಗೆ ಬಂತು. ಇನ್ನೂ ಹತ್ತಿರ ಬಂತು. ನಾನು ಬಂದೂಕು ಭುಜಕ್ಕೇರಿಸಿ, ಸೇಫ್ಟಿ ಬಟನ್ನು ಸರಿಸಿದೆ. ಗುರಿ ಸಿಕ್ಕಿತ್ತು. ಅಪ್ಪನಿಗಾಗಿ ಹೊಡೆಯಬೇಕೆಂದೇ ನಾನು ಇದ್ದೆ, ಅದರಲ್ಲಿ ಸುಳ್ಳಿಲ್ಲ. ಅವನ ಉಸಿರು ಪಕ್ಕದಲ್ಲಿ ಕೇಳಿಸುತ್ತಿತ್ತು. ಅವನ ಆಯಸ್ಸೆಲ್ಲ ಈ ಒಂದು ಗಳಿಗೆಗೆ ಕಾದಿತ್ತಲ್ಲ ಎಂದುಕೊಂಡೆ, ಅದೇ ಹೊತ್ತಿಗೆ ಮಾತು ಬಾಯಿಂದ ಜಾರಿತು.

"ಅಪ್ಪ, ಮಿಕ್ಕೋರು ಯಾರೂ ಇಲ್ಲ. ಬೆಟ್ಟಕ್ಕೆಲ್ಲ ಇವನೊಬ್ಬನೇ."

ಅಪ್ಪ ಹುಂಜದ ಮೇಲಿಂದ ಕಣ್ಣು ತೆಗೆಯಲಿಲ್ಲ. "ಒಬ್ನೇನಾ?" ಎಂದ.

"ಹೂಂ."

"ನನ್ನ ಕೊನೇ ಸ್ಕೂಲು ಗೊತ್ತಲ್ಲ ನಿಂಗೆ. ಮುಚ್ಚೋ ವರ್ಷ ಒಂದೇ ಒಂದು ಹೆಣ್ಣುಮಗು ಬರ್ತಿತ್ತು. ನಾನು ಸೀಟಿ ಊದೋನು, ಅದೊಂದೇ ಬಂದು ಮೈದಾನದಲ್ಲಿ ಸಾವಧಾನ್ ನಿಂತ್ಕಳೋದು." ಹುಂಜ ನಮ್ಮೆದುರೇ ಒಂದು ಸುತ್ತು ತಿರುಗಿ, ಇಲ್ಲದ ಹೇಂಟೆಯನ್ನು ಹುಡುಕುತ್ತಿತ್ತು. "ಇಳ್ಸವ್ವ ಬಂದೂಕ," ಎಂದ ಅಪ್ಪ. "ಇವತ್ತು ಹೊಡೆದ್ರೆ ವರ್ಷವೆಲ್ಲ ಹೊಡೆದಂಗೆ. ಇವನು ಹೋದ್ರೆ ಮಿಕ್ಕೋರು ಯಾರಿದ್ದಾರೆ ಹೊಡೆಯಕ್ಕೆ?"

ನಾನು ಬಂದೂಕು ಇಳಿಸಿದೆ. ಹುಂಜಕ್ಕೆ ಏನೋ ಅನುಮಾನ ಬಂದು ಬಾಲ ಮಡಚಿಕೊಂಡು ದಿಬ್ಬದಾಚೆ ಓಡಿತು. ನನಗೆ ಅಳು ಒತ್ತರಿಸಿ ಬಂತು. ಅಪ್ಪ ಶಾಲಿನ ತುದಿಯಿಂದ ನನ್ನ ಕಣ್ಣು ಒರೆಸುತ್ತ, "ಅಳಬ್ಯಾಡ, ಅಳಬ್ಯಾಡ, ವರ್ಷವೆಲ್ಲ ಅಳ್ತೀಯ," ಎಂದು ಗಾಬರಿಯಾದ. ನಾನು ಅಳುತ್ತಲೇ ನಕ್ಕೆ.

ಗೆಳತಿಯ ಮನೆಯಂಗಳಕ್ಕೆ ವಾಪಸು ಬಂದೆವು. ಅವಳು ನಮ್ಮ ಬರಿಗೈ ನೋಡಿದಳು, ಕಾಫಿ ತಂದಿಟ್ಟಳು. ಅಪ್ಪ ಲೋಟ ಮುಟ್ಟಲಿಲ್ಲ. ಅವನ ಮುಖ ಬಾಡಿತ್ತು. ಹುಂಜ ಹೋಗಲಿ ಎಂದವನು ಅವನೇ, ಆದರೆ ಹೊಸತೊಡಕಿನ ದಿನ ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ? ಎದೆಯೊಳಗೆ ಹೊಸ ಸ್ಟೆಂಟ್ ಇಟ್ಟುಕೊಂಡ ಮನುಷ್ಯ. ಅವನು ಏನು ಯೋಚಿಸುತ್ತಿದ್ದಾನೆಂದು ನನಗೆ ಗೊತ್ತಿತ್ತು, ಅವನು ಅದನ್ನು ಹೇಳುವುದಿಲ್ಲವೆಂದೂ ಗೊತ್ತಿತ್ತು. ನಾನು ಗೆಳತಿಯನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆ.

ಅವಳು ಶೆಡ್ಡಿಗೆ ಹೋಗಿ ದೊಡ್ಡದೊಂದು ಕಟಿಂಗ್ ಪ್ಲೇಯರ್ ತಂದು ಅಪ್ಪನ ಕೈಗೆ ಕೊಟ್ಟಳು. ಗಾಡಿಯಲ್ಲಿ ಬೇಲಿಯ ಹತ್ತಿರ ಕರೆದುಕೊಂಡು ಹೋದಳು. ಮರಿಗಳು ಓಡಾಡಿದ ಜಾಗವನ್ನು ಕೈಯಾಡಿಸಿ ತೋರಿಸಿದಳು, ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಬಗ್ಗಿ ಜಾಲರಿಯ ಕಣ್ಣುಗಳನ್ನು ಬೆರಳಿನಿಂದ ಅಳೆದು ನೋಡಿದ. "ಅಯ್ಯೋ ಪಾಪಿಗಳಾ," ಎಂದು ಯಾರನ್ನೋ ಬೈದ, ಆ ದಿನದ ಕಾನೂನು ಮುರಿದದ್ದು ಅವನೇ. ಪ್ಲೇಯರ್ ಒತ್ತಿದ. ಮೊದಲ ತಂತಿ ಟಣ್ಣೆಂದು ತುಂಡಾಯಿತು. ಎರಡು ಕಂಬಗಳ ನಡುವಿನಷ್ಟನ್ನು ಅವನು ನಿಧಾನವಾಗಿ, ಉಸಿರು ತೆಗೆದುಕೊಳ್ಳುತ್ತ ತಾನೇ ಕತ್ತರಿಸಿದ. ನಾನು ಮುಟ್ಟಲು ಹೋದರೆ ಕೈ ಸರಿಸಿದ. ಕತ್ತರಿಸಿದ ಜಾಲರಿಯನ್ನು ಸುರುಳಿ ಸುತ್ತಿ, ಎದೆಗವಚಿಕೊಂಡು ಅಂಗಳಕ್ಕೆ ವಾಪಸು ಬಂದು ನಮ್ಮ ಕಾರಿನ ಡಿಕ್ಕಿಗೆ ಹಾಕಿದ. ಆಮೇಲೆ ತಣ್ಣಗಾದ ಕಾಫಿಯನ್ನು ಗಟಗಟ ಕುಡಿದ.

ಮನೆಯಲ್ಲಿ ಗಂಡ ಗ್ಯಾಸ್ ಒಲೆ ಹೊರಗಿಟ್ಟು ಕಾಯುತ್ತಿದ್ದ. ಅಪ್ಪ ತುಕ್ಕು ಹಿಡಿದ ತಂತಿಯ ಸುರುಳಿಯನ್ನು ತನ್ನ ಕೈಯಾರೆ ಹೊತ್ತು ತಂದು ಹಿತ್ತಲಿನಲ್ಲಿ ಫಾಯಿಲಿನ ಪಕ್ಕ ಇಳಿಸಿದ. ಗಂಡ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಮೂಸಿದ.

"ಮಾವಾರ," ಎಂದ, "ಇದಕ್ಕ ಕುಕ್ಕರಿನ್ಯಾಗ ಎಷ್ಟು ಸೀಟಿ ಬೇಕಾಗ್ತಾವ್ರಿ?"

ಅಪ್ಪ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿರಲಿಲ್ಲ. ಅವತ್ತು ಹುಂಜಕ್ಕೆಂದು ರುಬ್ಬಿದ್ದ ಮಸಾಲೆಯಲ್ಲಿ ಅಂಗಡಿಯ ಕೋಳಿ ಬೆಂದಿತು. ಗಂಡನಿಗೆ ಬದನೆಕಾಯಿ.

ಆ ದಿನ ಮಾಡಿದ್ದೇ ವರ್ಷವೆಲ್ಲ ಎನ್ನುವುದು ನಿಜವೋ ಸುಳ್ಳೋ ನಾನು ಕಾಣೆ. ನಮಗಂತೂ ಆ ವರ್ಷವೆಲ್ಲ ತಂತಿಯೇ ಆಯಿತು. ಶನಿವಾರ ಬಂದರೆ ಅಪ್ಪ ಕಾಫಿಗೂ ಮುಂಚೆ ಮಂಕಿ ಕ್ಯಾಪು ಹಾಕಿಕೊಂಡು ಕೂರುತ್ತಿದ್ದ. ಗಡ್ಡದ ಮುದುಕನೂ ಉಳಿದ ಬೇಟೆಗಾರರೂ ಕಂಬ ಕೀಳುವರು, ನಾನು ಜಾಲರಿ ಸುತ್ತುವೆ, ಅಪ್ಪ ಕುರ್ಚಿಯಲ್ಲಿ ಕೂತು ಪ್ಲೇಯರ್ ಆಡಿಸುವ. ಅಪ್ಪನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಮುದುಕನಿಗೆ ಕನ್ನಡ ಇಲ್ಲವೇ ಇಲ್ಲ, ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಮಗಳು ತೊಟ್ಟಿಗಳಿಗೆ ಹಲಗೆ ಜೋಡಿಸಿದಳು. ಮಾಂಸ ತಿನ್ನದ ನನ್ನ ಗಂಡ ಬೇಟೆಗಾರರಿಗೆಲ್ಲ ಮಂಡಕ್ಕಿ ಸೂಸಲ ಮಾಡಿ ತಂದು ಹಂಚಿದ.

ಜೂನಿನ ಒಂದು ಬೆಳಿಗ್ಗೆ ಗೆಳತಿ ವಿಡಿಯೋ ಕಳಿಸಿದಳು. ಬೇಲಿ ಇದ್ದ ಜಾಗದಲ್ಲಿ ಒಂದು ಹೇಂಟೆ ನಡೆದು ಹೋಗುತ್ತಿದೆ, ಹಿಂದೆ ಸಾಲಾಗಿ ಮರಿಗಳು ಓಡುತ್ತಿವೆ, ಒಂದೂ ನಿಲ್ಲದೆ ಹಳ್ಳದ ಕಡೆ ದಾಟಿಹೋದವು. ಅಪ್ಪ ಅದನ್ನು ದಿನವಿಡೀ ನೋಡಿದ. "ಲೈನು ನೆಟ್ಟಗೈತೆ," ಎಂದ.

ಈ ವರ್ಷ ಯುಗಾದಿ ಬೇಗ ಬಂತು. ಸೀಸನ್ನು ತೆರೆದಿರಲಿಲ್ಲ. ತೆರೆದಿದ್ದರೂ ನಾವು ಬಂದೂಕು ಒಯ್ಯುತ್ತಿರಲಿಲ್ಲ. ಹೊಸತೊಡಕಿನ ಬೆಳಿಗ್ಗೆ ಅದೇ ಮರದ ಕೆಳಗೆ ಅದೇ ಕುರ್ಚಿ ಹಾಕಿದೆ. ಈ ಸಲ ಅಪ್ಪನನ್ನು ಗಾಡಿಯಿಂದ ಕುರ್ಚಿಗೆ ನಾನೂ ಗೆಳತಿಯೂ ಆಚೆ ಈಚೆ ಹಿಡಿದುಕೊಂಡು ಕೂರಿಸಬೇಕಾಯಿತು. ಬೆಳಕು ಹರಿಯುವುದನ್ನೇ ಕಾದು ಅವನು ಸೀಟಿ ಬಾಯಿಗಿಟ್ಟ. ಕೆನ್ನೆ ಉಬ್ಬಿತು. ಬರೀ ಗಾಳಿ ಹೊರಟಿತು, ಸದ್ದು ಬರಲಿಲ್ಲ. ಇನ್ನೊಂದು ಸಲ ಊದಿದ. ಈಗಲೂ ಬರೀ ಗಾಳಿ. ಸೀಟಿಯನ್ನು ತಿರುಗಿಸಿ ನೋಡಿ, ಅದರದೇ ತಪ್ಪೆಂಬಂತೆ ಜಾಕೆಟ್ಟಿಗೆ ಒರೆಸಿದ. ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವನು ದಾರವನ್ನು ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದ.

"ಊದವ್ವ," ಎಂದ. "ಹೊಟ್ಟೆಯಿಂದ ಊದ್ಬೇಕು, ಬಾಯಿಂದಲ್ಲ."

ಊದಿದೆ. ಕಣಿವೆಯಿಂದ ಹಳೆಯ ಹುಂಜ ಗುಳುಗುಳು ಎಂದು ಓಗೊಟ್ಟಿತು. ಅಪ್ಪನ ತುಟಿ ಅರಳಿತು. ನಾನು ಎಡಕ್ಕೆ ತಿರುಗಿ ಊದಿದೆ. ಹಳೆಯ ದನಿ ಮತ್ತೆ ಕೂಗಿತು, ಅದು ಮುಗಿಯುವ ಮೊದಲೇ ಹಳ್ಳದ ಕಡೆಯಿಂದ ಇನ್ನೊಂದು ದನಿ ಎದ್ದಿತು. ಒಡಕು ದನಿ. ಅರ್ಧಕ್ಕೆ ಮುರಿದು, ತಡವರಿಸಿ, ಮತ್ತೆ ಶುರುವಾಗಿ, ಹೇಗೋ ಮುಗಿಯಿತು. ಕಳೆದ ಬೇಸಿಗೆಯ ಮರಿಗೆ ಈಗಷ್ಟೇ ಗಂಟಲು ಒಡೆಯುತ್ತಿದೆ ಎಂದು ಗೆಳತಿ ಪಿಸುಗುಟ್ಟಿದಳು.

ಅಪ್ಪ ಅವಳ ಮಾತಿಗೆ ಕಾಯಲಿಲ್ಲ. ಅವನಿಗೆ ಗೊತ್ತಾಗಿತ್ತು. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದು ವರ್ಷವೆಲ್ಲ ಬರುತ್ತದೆಂಬ ಚಿಂತೆ ಆಗ ಅವನಿಗಿರಲಿಲ್ಲ.

"ಇನ್ನೊಂದ್ಸಲ ಊದು," ಎಂದ. "ವರ್ಷವೆಲ್ಲ ಕೇಳ್ಬೇಕು ನಾನು."